ಓದುಗರ ಪ್ರಶ್ನೆಗಳಿಗೆ ಉತ್ತರ: ಕೈಚೀಲ ಹೊಲಿಯುವವರ ಗಂಟೆಗಳ ಲೆಕ್ಕ

ಕೈಯಿಂದ ಬ್ಯಾಗ್ ಹೊಲಿದು ಮಾರುವವರು ಬರೆದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಬೇರೆ ಬೇರೆಯಾಗಿ ಕಾಣುವ ಅವರ ಪ್ರಶ್ನೆಗಳ ಬುಡದಲ್ಲಿ ಒಂದೇ ತೊಡಕು ಇರುವುದು ಕಂಡುಬಂತು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಹಣದ ಲೆಕ್ಕ ಬಂದ ಕಡೆ ಯಾವ ನಾಣ್ಯವನ್ನೂ ಹೆಸರಿಸದೆ ಬರಿಯ ಅಂಕಿಗಳನ್ನು ಕೊಟ್ಟಿದ್ದೇನೆ. ಓದುಗರು ತಮ್ಮ ತಮ್ಮ ದರಗಳನ್ನು ಆ ಜಾಗದಲ್ಲಿ ಇಟ್ಟು ನೋಡಿಕೊಳ್ಳಬೇಕಾಗಿ ವಿನಂತಿ.

ಪ್ರಶ್ನೆ: ಆರು ವರ್ಷಗಳಿಂದ ಚರ್ಮದ ಮತ್ತು ಕ್ಯಾನ್ವಾಸ್ ಬಟ್ಟೆಯ ಕೈಚೀಲಗಳನ್ನು ಮಾಡಿ ಮಾರುತ್ತಿದ್ದೇನೆ. ಮಾಡಿದ್ದೆಲ್ಲ ಮಾರಿಹೋಗುತ್ತದೆ. ಮುಂದಿನ ಎರಡು ತಿಂಗಳಿಗೆ ಆಗುವಷ್ಟು ಆರ್ಡರ್ ಈಗಲೇ ಕೈಯಲ್ಲಿದೆ. ಆದರೂ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಸಾಮಗ್ರಿಗೆ ತಗುಲಿದ ಖರ್ಚಿನ ಮೂರರಷ್ಟು ಬೆಲೆ ಇಡಬೇಕೆಂದು ಹಿರಿಯರೊಬ್ಬರು ಹೇಳಿದ್ದನ್ನು ಇಂದಿಗೂ ಪಾಲಿಸುತ್ತಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಪಾಲಿಸುತ್ತಿರುವ ಆ ಸೂತ್ರದಲ್ಲಿಯೇ ತಪ್ಪಿದೆ. ಸಾಮಗ್ರಿಯ ಮೂರರಷ್ಟು ಎಂದಾಗ ಚರ್ಮ, ನೂಲು, ಜಿಪ್ಪು ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಆದರೆ ನೀವು ಕೂತು ದುಡಿದ ಗಂಟೆಗಳು ಬರುವುದೇ ಇಲ್ಲ. ದುಬಾರಿ ಚರ್ಮದ ಸರಳವಾದ ಚೀಲವೊಂದನ್ನು ನಾಲ್ಕು ಗಂಟೆಯಲ್ಲಿ ಮುಗಿಸಬಹುದು. ಅಗ್ಗದ ಕ್ಯಾನ್ವಾಸಿನಲ್ಲಿ ಆರು ಜೇಬು, ಎರಡು ಜಿಪ್ಪು, ಒಳಗೆ ಅಸ್ತರು ಇರುವ ಚೀಲಕ್ಕೆ ಎಂಟು ಗಂಟೆ ಹಿಡಿಯಬಹುದು. ಆ ಸೂತ್ರದ ಪ್ರಕಾರ ನೀವು ಹೆಚ್ಚು ದುಡಿದ ಚೀಲಕ್ಕೇ ಕಡಿಮೆ ಬೆಲೆ ಸಿಗುತ್ತದೆ.

ಎರಡು ವಾರಗಳ ಕಾಲ ಹೊಲಿಗೆಯ ಮೇಜಿನ ಮೇಲೆ ಒಂದು ಗಡಿಯಾರವನ್ನೂ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ. ಕತ್ತರಿಸುವುದು, ಅಂಚು ತೆಳುಮಾಡುವುದು, ಅಂಟು ಹಾಕುವುದು, ತೂತು ಹೊಡೆಯುವುದು, ಹೊಲಿಗೆ, ಅಂಚಿಗೆ ಬಣ್ಣ, ಜಿಪ್ಪು ಮತ್ತು ಕೊಂಡಿಗಳ ಜೋಡಣೆ, ಹೀಗೆ ಒಂದೊಂದು ಕೆಲಸವನ್ನೂ ಶುರುಮಾಡಿದ ಮತ್ತು ಮುಗಿಸಿದ ಹೊತ್ತನ್ನು ಬರೆದಿಡಿ. ಫೋಟೊ ತೆಗೆದದ್ದು, ಗಿರಾಕಿಗಳ ಸಂದೇಶಗಳಿಗೆ ಉತ್ತರಿಸಿದ್ದು, ಸಾಮಾನು ತರಲು ಹೋಗಿಬಂದದ್ದು, ಪ್ಯಾಕ್ ಮಾಡಿ ಕಳುಹಿಸಿದ್ದು ಬೇರೆ ಪುಟದಲ್ಲಿರಲಿ. ಈ ಎರಡನೆಯ ಪುಟ ಎಷ್ಟು ಉದ್ದವಾಗುತ್ತದೆಂಬುದನ್ನು ಕಣ್ಣಾರೆ ಕಂಡಾಗಲೇ ಬಹಳ ಮಂದಿಗೆ ತಮ್ಮ ವ್ಯಾಪಾರದ ನಿಜವಾದ ಅಳತೆ ಗೊತ್ತಾಗುವುದು. ತಿಂಗಳಿಗೆ 160 ಗಂಟೆ ದುಡಿಯುವವರು ಹೊಲಿಗೆಯ ಮೇಜಿನ ಮುಂದೆ ಕೂರುವುದು 100 ಗಂಟೆ ಮಾತ್ರ ಇರಬಹುದು. ಇಡೀ ಕಸುಬು ನಿಂತಿರುವುದು ಆ 100 ಗಂಟೆಗಳ ಮೇಲೆ. ಚರ್ಮ ಸಾಲದೆ ಹೋದರೆ ಇನ್ನಷ್ಟು ತರಬಹುದು, ಗಂಟೆ ಸಾಲದೆ ಹೋದರೆ ಎಲ್ಲಿಂದ ತರುವುದು?

ಒಂದು ಉದಾಹರಣೆ ನೋಡೋಣ. ನಿಮ್ಮ ದೊಡ್ಡ ಚೀಲದ ಸಾಮಗ್ರಿ, ಕತ್ತರಿಸುವಾಗ ಪೋಲಾಗುವ ಚರ್ಮ, ಪ್ಯಾಕಿಂಗ್ ಎಲ್ಲ ಸೇರಿ 330 ಎಂದಿಟ್ಟುಕೊಳ್ಳಿ. ಮೂರರಷ್ಟು ಎಂದು ಸುಮಾರು 1,000ಕ್ಕೆ ಮಾರುತ್ತೀರಿ. ಮಾರಾಟದ ಜಾಲತಾಣ ಮತ್ತು ಹಣ ಪಾವತಿಯ ಶುಲ್ಕ ನೂರಕ್ಕೆ 7ರಂತೆ 70 ಹೋಗುತ್ತದೆ. ಉಳಿಯುವುದು 600. ಇದಕ್ಕೆ 10 ಗಂಟೆ ಹಿಡಿದರೆ ಗಂಟೆಗೆ 60 ಸಿಕ್ಕಂತಾಯಿತು. ಇನ್ನು ಸಣ್ಣ ಹೆಗಲ ಚೀಲ: ಸಾಮಗ್ರಿ 130, ಬೆಲೆ 390, ಶುಲ್ಕ 27, ಉಳಿಕೆ 233. ಇದು ಎರಡೂವರೆ ಗಂಟೆಯ ಕೆಲಸವಾದರೆ ಗಂಟೆಗೆ 93. ಒಂದೊಂದೇ ಚೀಲವನ್ನು ನೋಡಿದರೆ ದೊಡ್ಡದರಲ್ಲಿ 600 ಉಳಿಯಿತು, ಸಣ್ಣದರಲ್ಲಿ 233 ಮಾತ್ರ ಎಂದು ತೋರುತ್ತದೆ. ಗಂಟೆಯ ಲೆಕ್ಕಕ್ಕೆ ಬಂದಾಗ ಎಲ್ಲವೂ ತಲೆಕೆಳಗಾಗುತ್ತದೆ.

ಈಗ ಬಾಡಿಗೆ, ವಿದ್ಯುತ್ತು, ಉಪಕರಣಗಳ ಸವೆತ, ಫೋನಿನ ಖರ್ಚು ಇವೆಲ್ಲ ತಿಂಗಳಿಗೆ 2,400 ಎಂದೂ, ನಿಮ್ಮ ಸ್ವಂತ ದುಡಿಮೆಗೆ ಬೇಕಾದ ಸಂಬಳ 6,000 ಎಂದೂ ಇಟ್ಟುಕೊಳ್ಳೋಣ. ಒಟ್ಟು 8,400ನ್ನು 100 ಗಂಟೆಗಳಿಗೆ ಹಂಚಿದರೆ ಗಂಟೆಗೆ 84. ಇದು ನಿಮ್ಮ ಗೆರೆ. ಈ ಗೆರೆಯ ಕೆಳಗಿರುವ ಚೀಲವನ್ನು ಎಷ್ಟು ಹೆಚ್ಚು ಮಾಡುತ್ತೀರೋ ಅಷ್ಟು ಹೆಚ್ಚು ಬಡವರಾಗುತ್ತೀರಿ. ತಿಂಗಳಿಡೀ ದೊಡ್ಡ ಚೀಲಗಳನ್ನೇ ಮಾಡಿದರೆ 10 ಚೀಲಗಳಿಂದ 6,000 ಬರುತ್ತದೆ, ಅಂದರೆ 2,400 ಕಡಿಮೆ. ನಿಮ್ಮ ಸಂಬಳದಿಂದಲೇ ಬಾಡಿಗೆ ಕಟ್ಟಿದ ಹಾಗೆ. ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ ಎಂದು ನೀವು ಬರೆದಿರುವುದರ ಕಾರಣ ಬಹುಮಟ್ಟಿಗೆ ಇದೇ ಎಂದು ನನ್ನ ಅಂದಾಜು. ಸಂಬಳ ಬೇರೆ, ಲಾಭ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗೆರೆಯನ್ನು ಮುಟ್ಟಿದಾಗ ಸಂಬಳ ಹುಟ್ಟಿತು ಅಷ್ಟೆ. ಲಾಭ ಶುರುವಾಗುವುದು ಗೆರೆಯನ್ನು ದಾಟಿದ ಮೇಲೆ.

ಗೆರೆಯನ್ನು ದಾಟಲು ಎರಡು ದಾರಿಗಳಿವೆ. ದೊಡ್ಡ ಚೀಲದ ಬೆಲೆಯನ್ನು ಸುಮಾರು 1,260ಕ್ಕೆ ಏರಿಸಬೇಕು, ಇಲ್ಲವೇ ಅದನ್ನು 7 ಗಂಟೆಯಲ್ಲಿ ಮುಗಿಸುವಂತಾಗಬೇಕು. ಎರಡರಲ್ಲೂ ಅರ್ಧರ್ಧ ಸಾಗಿದರೆ ಇನ್ನೂ ಒಳ್ಳೆಯದು. ಸಮಯ ಉಳಿಸುವುದೆಂದರೆ ಕೈಯನ್ನು ಬೇಗ ಬೇಗ ಆಡಿಸುವುದೆಂದು ತಿಳಿಯಬೇಡಿ. ಅವಸರದ ಹೊಲಿಗೆ ಎರಡೇ ತಿಂಗಳಲ್ಲಿ ದುರಸ್ತಿಗೆ ಮರಳಿ ಬರುತ್ತದೆ. ಸಮಯವಿರುವುದು ವಿನ್ಯಾಸದಲ್ಲಿ. ತೂತುಗಳ ನಡುವೆ 4 ಮಿಲಿಮೀಟರ್ ಅಂತರವಿಟ್ಟು ಒಂದು ಮೀಟರ್ ಉದ್ದ ಕೈಹೊಲಿಗೆ ಹಾಕಿದರೆ 250 ಹೊಲಿಗೆಗಳಾಗುತ್ತವೆ. ಒಂದೊಂದಕ್ಕೆ 15 ಸೆಕೆಂಡ್ ಎಂದರೂ ಒಂದು ಗಂಟೆಗೂ ಮಿಕ್ಕಿ ಬೇಕು. ಚೀಲದ ಮುಂಭಾಗ, ಹಿಂಭಾಗ, ತಳ ಈ ಮೂರನ್ನೂ ಬೇರೆ ಬೇರೆ ತುಂಡುಗಳಾಗಿ ಕತ್ತರಿಸಿ ಸೇರಿಸುವ ಬದಲು ಒಂದೇ ಉದ್ದನೆಯ ತುಂಡನ್ನು ತಳದಲ್ಲಿ ಮಡಚಿದರೆ ತಳದ ಎರಡು ಹೊಲಿಗೆಗಳೂ ಇಲ್ಲವಾಗುತ್ತವೆ. ಚೀಲ ಗಟ್ಟಿಯೂ ಆಗುತ್ತದೆ, ಏಕೆಂದರೆ ಭಾರ ಬೀಳುವ ಜಾಗದಲ್ಲಿ ಬಿಚ್ಚಿಕೊಳ್ಳಲು ಹೊಲಿಗೆಯೇ ಇರುವುದಿಲ್ಲ. ನಿಮ್ಮ ಒಂದೊಂದು ಚೀಲವನ್ನೂ ಮುಂದಿಟ್ಟುಕೊಂಡು ಅದರ ಹೊಲಿಗೆಯ ಒಟ್ಟು ಉದ್ದವನ್ನು ಟೇಪಿನಿಂದ ಅಳೆಯಿರಿ. ಎಲ್ಲಿ ಅಳತೆ ಹೆಚ್ಚೋ ಅಲ್ಲಿ ವಿನ್ಯಾಸವನ್ನು ಮತ್ತೆ ಯೋಚಿಸಿ.

ಬೆಲೆ ಏರಿಸಲು ಹಿಂಜರಿಯುವವರಿಗೆ ಒಂದು ಮಾತು. ಎರಡು ತಿಂಗಳು ಕಾಯಲು ಗಿರಾಕಿಗಳು ಸಿದ್ಧರಿದ್ದಾರೆಂದರೆ ನಿಮ್ಮ ಬೆಲೆ ಕಡಿಮೆಯಿದೆ ಎಂದೇ ಅರ್ಥ. ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನನ್ನಲ್ಲಿ 24 ಬಗೆಯ ಚೀಲಗಳಿವೆ. ಅಷ್ಟಿದ್ದರೂ ಬಂದವರೆಲ್ಲ "ಇದೇ ಚೀಲ, ಆದರೆ ಸ್ವಲ್ಪ ಅಗಲವಾಗಿ", "ಇದೇ, ಆದರೆ ಒಳಗೆ ಇನ್ನೊಂದು ಜೇಬು" ಎಂದು ಕೇಳುತ್ತಾರೆ. ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಕಲಾವಿದೆಯಾಗಿ ನನಗೂ ಹೊಸದನ್ನು ಮಾಡುವುದೇ ಇಷ್ಟ.

ಉತ್ತರ: ನಿಮ್ಮ ಇಷ್ಟವನ್ನು ನಾನು ಗೌರವಿಸುತ್ತೇನೆ. ಹೊಸದನ್ನು ಮಾಡುವ ಆಸೆ ಸತ್ತುಹೋದ ದಿನ ಈ ಕಸುಬಿನಲ್ಲಿ ಉಳಿಯುವುದು ಬರಿಯ ಬೆನ್ನುನೋವು. ಆದರೆ "ಸ್ವಲ್ಪ ಅಗಲವಾಗಿ" ಎಂಬ ಆ ಎರಡು ಪದಗಳ ಬೆಲೆ ಎಷ್ಟೆಂದು ಗಿರಾಕಿಗೆ ಗೊತ್ತಿಲ್ಲ, ನೀವೂ ಹೇಳುತ್ತಿಲ್ಲ. ಅಗಲ ಬದಲಾದರೆ ಕಾಗದದ ಅಚ್ಚು ಬದಲಾಗುತ್ತದೆ, ಅಸ್ತರಿನ ಅಳತೆ, ಜಿಪ್ಪಿನ ಉದ್ದ, ತೂತುಗಳ ಎಣಿಕೆ ಎಲ್ಲವೂ ಬದಲಾಗುತ್ತವೆ. ಒಂದೇ ಒಂದು ಚೀಲಕ್ಕಾಗಿ ಎರಡು ಮೂರು ಗಂಟೆ ಅಚ್ಚಿನ ಮೇಲೆಯೇ ಕಳೆಯುತ್ತದೆ.

ಒಂದೇ ಬಗೆಯ ಎಂಟು ಚೀಲಗಳನ್ನು ಒಟ್ಟಿಗೆ ಮಾಡಿ ನೋಡಿ, ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಅಂಚಿಗೆ ಬಣ್ಣ ಹಾಕುವ ಕೆಲಸವನ್ನೇ ತೆಗೆದುಕೊಳ್ಳಿ. ಮೊದಲ ಪದರ ಹಚ್ಚಬೇಕು, ಅದು ಒಣಗಬೇಕು, ನಯವಾದ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಬೇಕು, ಎರಡನೆಯ ಪದರ ಹಚ್ಚಬೇಕು, ಮತ್ತೆ ಒಣಗಬೇಕು. ಕೆಲವೊಮ್ಮೆ ಮೂರನೆಯದೂ ಬೇಕು. ಒಂದೇ ಚೀಲವಿದ್ದರೆ ಪ್ರತಿ ಪದರಕ್ಕೂ ಕೈಕಟ್ಟಿ ಕಾಯುತ್ತೀರಿ, ಇಲ್ಲವೇ ಬೇರೆ ಕೆಲಸ ಹಿಡಿದು, ಕೈ ತೊಳೆದು, ಮರಳಿ ಬಂದು ಕುಂಚವನ್ನು ಹುಡುಕುತ್ತೀರಿ. ಎಂಟು ಚೀಲಗಳಿದ್ದರೆ ಎಂಟನೆಯದರ ಅಂಚು ಮುಗಿಯುವ ಹೊತ್ತಿಗೆ ಮೊದಲನೆಯದು ಒಣಗಿ ಸಾಲಿನ ತುದಿಯಲ್ಲಿ ಸಿದ್ಧವಾಗಿರುತ್ತದೆ. ಕುಂಚ ಕೈಬಿಡುವುದೇ ಇಲ್ಲ. ಕತ್ತರಿಸುವಾಗಲೂ ಹಾಗೆಯೇ. ಇಡೀ ಚರ್ಮದ ಮೇಲೆ ಎಂಟು ಚೀಲಗಳ ಅಚ್ಚುಗಳನ್ನು ಒಟ್ಟಿಗೆ ಹರಡಿದಾಗ, ಬಿಗಿಯಾದ ಬೆನ್ನಿನ ಭಾಗದಲ್ಲಿ ಪಟ್ಟಿಗಳು ಮತ್ತು ಮುಂಭಾಗಗಳು, ಹಿಗ್ಗುವ ಹೊಟ್ಟೆಯ ಭಾಗದಲ್ಲಿ ಒಳಜೇಬಿನಂಥ ಸಣ್ಣ ತುಂಡುಗಳು ಎಂದು ಹೊಂದಿಸಬಹುದು. ಒಂದು ಚೀಲಕ್ಕಾಗಿ ಕತ್ತರಿಸುವಾಗ ಈ ಅನುಕೂಲ ಇರುವುದಿಲ್ಲ, ಒಳ್ಳೆಯ ಚರ್ಮದ ನಡುವೆಯೇ ತೂತು ಬೀಳುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಕಳೆದ ವರ್ಷದ ಮಾರಾಟದ ಪಟ್ಟಿಯನ್ನು ತೆಗೆದು, ಗಂಟೆಯ ಲೆಕ್ಕದಲ್ಲಿ ಗೆರೆಯ ಮೇಲಿರುವ ಮತ್ತು ಗಿರಾಕಿಗಳು ಮತ್ತೆ ಮತ್ತೆ ಕೇಳುವ ಆರು ಚೀಲಗಳನ್ನು ಆರಿಸಿಕೊಳ್ಳಿ. ಕೇಟ್ ಸ್ಪೇಡ್ ಅವರು 1993ರಲ್ಲಿ ನ್ಯೂಯಾರ್ಕಿನಲ್ಲಿ ಕೈಚೀಲಗಳ ಉದ್ಯಮ ಆರಂಭಿಸಿದಾಗ ಅವರ ಮುಂದಿದ್ದದ್ದೂ ಆರೇ ಆಕಾರಗಳು. ಆಕಾರ ಕಡಿಮೆಯಿದ್ದಷ್ಟೂ ಜನರ ನೆನಪಿನಲ್ಲಿ ಅವು ನಿಮ್ಮವೆಂದು ಗಟ್ಟಿಯಾಗಿ ಉಳಿಯುತ್ತವೆ. ಈ ಆರರಲ್ಲಿ ಗಿರಾಕಿಗೆ ಆಯ್ಕೆಯೂ ಇರಲಿ: ಮೂರು ಬಣ್ಣ, ಎರಡು ಉದ್ದದ ಪಟ್ಟಿ, ಬೇಕೆಂದವರಿಗೆ ಹೆಸರಿನ ಮೊದಲಕ್ಷರದ ಮುದ್ರೆ. ಅಕ್ಷರದ ಮುದ್ರೆಗೆ ನಿಮಗೆ ಹಿಡಿಯುವುದು ಕೆಲವೇ ನಿಮಿಷ, ಗಿರಾಕಿಗೆ ಮಾತ್ರ ಆ ಚೀಲ ತನಗಾಗಿಯೇ ಹುಟ್ಟಿದಂತೆ ಅನ್ನಿಸುತ್ತದೆ. ಇದಕ್ಕೆ ಹೊರತಾದ ಬದಲಾವಣೆ ಬೇಕೆಂದವರಿಗೆ ಇಲ್ಲವೆನ್ನಬೇಕಾಗಿಲ್ಲ. ಅಚ್ಚು ತಯಾರಿಸುವ ಗಂಟೆಗಳಿಗೆ ಪ್ರತ್ಯೇಕ ಬೆಲೆ, ಅರ್ಧ ಹಣ ಮುಂಗಡ, ಅಳತೆಗಳನ್ನು ಬರಹದಲ್ಲಿ ಒಪ್ಪಿದ ಮೇಲಷ್ಟೇ ಕತ್ತರಿ ಹಿಡಿಯುವುದು, ಇವಿಷ್ಟನ್ನು ಮೊದಲೇ ತಿಳಿಸಿಬಿಡಿ. ಹೊಸದನ್ನು ಮಾಡುವ ನಿಮ್ಮ ಆಸೆಗೆ ವಾರದಲ್ಲಿ ಅರ್ಧ ದಿನವನ್ನು ತೆಗೆದಿಡಿ, ಆ ಅರ್ಧ ದಿನವನ್ನು ಯಾವ ಆರ್ಡರಿಗೂ ಬಿಟ್ಟುಕೊಡಬೇಡಿ. ಆರು ಚೀಲಗಳಲ್ಲಿ ಒಂದು ಹಳತಾದಾಗ ಅದರ ಜಾಗಕ್ಕೆ ಬರುವುದು ಅಲ್ಲಿಂದಲೇ.

ಪ್ರಶ್ನೆ: ಅಂಗಡಿಯೊಂದರವರು 40 ದೊಡ್ಡ ಚೀಲಗಳನ್ನು ಒಮ್ಮೆಲೇ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ನಾನು ಮಾರುವ ಬೆಲೆಯ ಅರ್ಧಕ್ಕೆ ಕೊಡಬೇಕಂತೆ. ಇಂಥ ಅವಕಾಶ ಮತ್ತೆ ಬರುತ್ತದೆಯೋ ಇಲ್ಲವೋ ಎಂದು ಹೆದರಿಕೆ.

ಉತ್ತರ: ಅರ್ಧ ಬೆಲೆ ಕೇಳಿದ್ದಕ್ಕೆ ಅಂಗಡಿಯವರನ್ನು ದೂರಬೇಡಿ. ಬಾಡಿಗೆ, ನೌಕರರ ಸಂಬಳ, ಮಾರಾಟವಾಗದೆ ಉಳಿಯುವ ಮಾಲಿನ ನಷ್ಟ ಇವನ್ನೆಲ್ಲ ಅವರು ಆ ಉಳಿದರ್ಧದಿಂದಲೇ ತುಂಬಿಕೊಳ್ಳಬೇಕು. ಪ್ರಶ್ನೆಯಿರುವುದು ನಿಮ್ಮ ಬೆಲೆಯಲ್ಲಿ ಆ ಅರ್ಧವನ್ನು ತಡೆದುಕೊಳ್ಳುವ ಶಕ್ತಿ ಇದೆಯೇ ಎಂಬುದು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, 500ಕ್ಕೆ ಕೊಟ್ಟ ದೊಡ್ಡ ಚೀಲದಲ್ಲಿ ಸಾಮಗ್ರಿಯ 330 ಕಳೆದು ಉಳಿಯುವುದು 170, ಅಂದರೆ ಗಂಟೆಗೆ 17. 40 ಚೀಲಗಳಿಗೆ 400 ಗಂಟೆ ಬೇಕು. ತಿಂಗಳಿಗೆ 100 ಗಂಟೆ ಹೊಲಿಯುವವರಿಗೆ ಇದು ನಾಲ್ಕು ತಿಂಗಳ ಪೂರ್ತಿ ದುಡಿಮೆ, ಅಷ್ಟೂ ದಿನ ಪೂರ್ತಿ ಬೆಲೆ ಕೊಡುವ ಗಿರಾಕಿಗಳಿಗೆ ನಿಮ್ಮ ಬಾಗಿಲು ಮುಚ್ಚಿರುತ್ತದೆ. ಈ ಆರ್ಡರನ್ನು ಹೀಗೆಯೇ ಒಪ್ಪಿಕೊಳ್ಳಬೇಡಿ.

ಆದರೆ ಬರಿಗೈಯಲ್ಲಿ ಕಳುಹಿಸಲೂ ಬೇಡಿ. ಸಗಟು ವ್ಯಾಪಾರಕ್ಕೆಂದೇ ಬೇರೆ ವಸ್ತುಗಳನ್ನು ರೂಪಿಸಿ. ದೊಡ್ಡ ಚೀಲ ಕತ್ತರಿಸಿದ ಮೇಲೆ ಉಳಿಯುವ ತುಂಡುಗಳಿಂದ ಕಾರ್ಡ್ ಹೋಲ್ಡರ್, ಕೀಲಿಕೈ ಗೊಂಚಲಿನ ಪಟ್ಟಿ, ಚಿಲ್ಲರೆ ಹಣದ ಪುಟ್ಟ ಪರ್ಸು ಮಾಡಬಹುದು. ಅಂಗಡಿಗೆ 45ಕ್ಕೆ ಕೊಡುವ ಒಂದು ವಸ್ತುವಿಗೆ ನೂಲು, ಗುಂಡಿ, ಪ್ಯಾಕಿಂಗ್ ಸೇರಿ 10 ಖರ್ಚಾಗಿ, 20 ನಿಮಿಷ ಹಿಡಿದರೆ ಗಂಟೆಗೆ 105 ಸಿಗುತ್ತದೆ. ಸಗಟು ದರದಲ್ಲಿಯೂ ಗೆರೆಯ ಮೇಲೆ ನಿಂತಿದ್ದೀರಿ. ತುಂಡುಗಳು ಮುಗಿದು ಹೊಸ ಚರ್ಮ ಕತ್ತರಿಸುವ ದಿನ ಬಂದಾಗ ಮಾತ್ರ ಈ ಲೆಕ್ಕವನ್ನು ಮತ್ತೆ ಹಾಕಬೇಕು. ಅಂಗಡಿಯ ಕಪಾಟಿನಲ್ಲಿ ಈ ಪುಟ್ಟ ವಸ್ತುಗಳು ಕುಳಿತು ನಿಮ್ಮ ಹೆಸರನ್ನು ಹೇಳುತ್ತಿರಲಿ, ದೊಡ್ಡ ಚೀಲ ಬೇಕಾದವರು ಆ ಹೆಸರನ್ನು ಹಿಡಿದು ನಿಮ್ಮ ಬಳಿಗೆ ಬರುತ್ತಾರೆ. ಅಲ್ಲಿ ಎರಡು ಮೂರು ದೊಡ್ಡ ಚೀಲಗಳನ್ನು ನೋಡಲೆಂದು ಇಟ್ಟರೆ ತಪ್ಪಿಲ್ಲ.

"ಮಾರಾಟವಾದ ಮೇಲೆ ಹಣ ಕೊಡುತ್ತೇವೆ" ಎನ್ನುವ ಅಂಗಡಿಗಳ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ. ಹಿಂದೆ ನಾನೂ ಹೊಲಿಯುತ್ತಿದ್ದ ದಿನಗಳಲ್ಲಿ ಒಂದು ಅಂಗಡಿಗೆ ಹೀಗೆ ಹನ್ನೆರಡು ಚೀಲ ಕೊಟ್ಟಿದ್ದೆ. ಏಳು ತಿಂಗಳ ಬಳಿಕ ಐದು ಮರಳಿ ಬಂದವು. ಕಿಟಕಿಯ ಬಿಸಿಲಿಗೆ ಒಂದು ಪಕ್ಕದ ಬಣ್ಣ ಮಾಸಿತ್ತು, ಮಾರಲು ಬರುವಂತಿರಲಿಲ್ಲ. ಹಾನಿಯಾದರೆ ಯಾರ ಹೊಣೆ, ಎಷ್ಟು ದಿನಕ್ಕೊಮ್ಮೆ ಲೆಕ್ಕ, ಎಷ್ಟು ಕಾಲದ ಮೇಲೆ ಮಾಲು ವಾಪಸು ಎಂಬ ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳದೆ ಒಂದು ಚೀಲವನ್ನೂ ಕೊಡಬೇಡಿ.

ಪ್ರಶ್ನೆ: ಒಬ್ಬಳಿಂದ ಆಗುತ್ತಿಲ್ಲ. ಸಹಾಯಕರನ್ನು ಇಟ್ಟುಕೊಂಡು ಹೊಲಿಗೆ ಯಂತ್ರ ತರಬೇಕೆಂದಿದ್ದೇನೆ. ಹಾಗೆ ಮಾಡಿದರೆ ನನ್ನ ಚೀಲವನ್ನು "ಕೈಯಿಂದ ಮಾಡಿದ್ದು" ಎನ್ನಬಹುದೇ? ಕೊಳ್ಳುವವರಿಗೆ ಮೋಸವಾಗುವುದಿಲ್ಲವೇ?

ಉತ್ತರ: ಈ ಪ್ರಶ್ನೆಯನ್ನು ಕೇಳುವಷ್ಟು ಕಾಳಜಿ ನಿಮಗಿದೆ ಎಂಬುದೇ ಸಂತೋಷದ ಸಂಗತಿ. ಯಾವ ಹೊಲಿಗೆ ಏಕೆ ಬೇಕೆಂದು ತಿಳಿದುಕೊಂಡರೆ ಉತ್ತರ ಸುಲಭವಾಗುತ್ತದೆ.

ಕುದುರೆಯ ಜೀನು ಹೊಲಿಯುವವರಿಂದ ಬಂದ ಕೈಹೊಲಿಗೆಯಲ್ಲಿ ನೂಲು ಒಂದೇ, ಸೂಜಿ ಎರಡು, ನೂಲಿನ ಒಂದೊಂದು ತುದಿಗೆ ಒಂದೊಂದು. ದಬ್ಬಳದಿಂದ ಮಾಡಿದ ತೂತಿನೊಳಗೆ ಎಡಗೈಯ ಸೂಜಿ ಈ ಕಡೆಯಿಂದ, ಬಲಗೈಯ ಸೂಜಿ ಆ ಕಡೆಯಿಂದ ಹಾಯುತ್ತದೆ. ಎರಡೂ ಕೈಗಳನ್ನು ಚಾಚಿ ಒಂದೇ ಸಮನಾಗಿ ಎಳೆದಾಗ ಮೇಣ ಹಚ್ಚಿದ ನೂಲು ಚರ್ಮವನ್ನು ಕಚ್ಚಿ ಕೂರುವುದು ಕೈಗೇ ತಿಳಿಯುತ್ತದೆ. ಮುಂದೊಂದು ದಿನ ಒಂದು ಹೊಲಿಗೆ ಹರಿದರೂ ನೂಲಿನ ಇನ್ನೊಂದು ಓಟ ಅದೇ ತೂತುಗಳಲ್ಲಿ ಹಾದುಹೋಗಿರುವುದರಿಂದ ಉಳಿದವು ಬಿಚ್ಚಿಕೊಳ್ಳುವುದಿಲ್ಲ. ಯಂತ್ರದಲ್ಲಿ ಮೇಲಿನ ನೂಲು ಮತ್ತು ಬಾಬಿನ್ನಿನ ನೂಲು ನಡುವೆ ಒಂದನ್ನೊಂದು ಹೆಣೆದುಕೊಳ್ಳುತ್ತವೆ, ಅಲ್ಲಿ ಒಂದು ನೂಲು ಕಡಿದರೆ ಸಾಲು ಸಡಿಲವಾಗುತ್ತ ಹೋಗುತ್ತದೆ. ಹಾಗಾದ ಮೇಲೆ, ಪಟ್ಟಿ ಚೀಲಕ್ಕೆ ಸೇರುವ ಜಾಗ, ಹಿಡಿಕೆಯ ಬುಡ, ಬಾಯಿಯ ಮೂಲೆಗಳು ಇವು ಎಳೆತವನ್ನು ತಾಳಬೇಕಾದ ಜಾಗಗಳಾದ್ದರಿಂದ ಇಲ್ಲಿ ಕೈಹೊಲಿಗೆಯನ್ನು ಬಿಡಬೇಡಿ. ಅಸ್ತರು, ಒಳಜೇಬು, ಜಿಪ್ಪಿನ ಪಟ್ಟಿ ಇವುಗಳಿಗೆ ಯಂತ್ರದ ಹೊಲಿಗೆ ಸಾಕು, ಎಷ್ಟೋ ಸಲ ಹೆಚ್ಚು ಅಚ್ಚುಕಟ್ಟು. ಯಂತ್ರ ಕೊಳ್ಳುವಾಗ ಬಟ್ಟೆ ಹೊಲಿಯುವ ಸಾಮಾನ್ಯ ಯಂತ್ರವನ್ನು ತರಬೇಡಿ. ಅದು ಕೆಳಗಿನ ಪದರವನ್ನಷ್ಟೇ ಮುಂದಕ್ಕೆ ತಳ್ಳುವುದರಿಂದ ದಪ್ಪ ಪದರಗಳು ಒಂದರ ಮೇಲೊಂದು ಜಾರುತ್ತವೆ. ಮೇಲಿನ ಪದರವನ್ನೂ ಜೊತೆಗೇ ನಡೆಸುವ ವಾಕಿಂಗ್ ಫೂಟ್ ಯಂತ್ರವೇ ಬೇಕು.

ಸಹಾಯಕರಿಗೆ ಮೊದಲು ಯಾವ ಕೆಲಸ ಕೊಡಬೇಕು? ನೋಟ್‌ಬುಕ್ಕಿನ ಎರಡನೆಯ ಪುಟದ ಕೆಲಸಗಳನ್ನು, ಅಂದರೆ ಪ್ಯಾಕಿಂಗ್, ಕಳುಹಿಸುವುದು, ಸಾಮಾನು ತರುವುದು. ಹೊಲಿಗೆ ಕಲಿಸಲು ತಿಂಗಳುಗಳು ಬೇಕು, ಈ ಕೆಲಸಗಳನ್ನು ಒಂದು ವಾರದಲ್ಲಿ ಕಲಿಸಬಹುದು, ಮತ್ತು ಆ ವಾರದಿಂದಲೇ ನಿಮ್ಮ 100 ಗಂಟೆಗಳು 130 ಆಗಬಹುದು. ಗಂಟೆಗೆ 93 ತರುವ ಚೀಲ ಹೊಲಿಯುವವರಿಗೆ ಹೆಚ್ಚುವರಿ 30 ಗಂಟೆಗಳಿಂದ 2,790 ಬರುತ್ತದೆ. ಸಹಾಯಕರ ಸಂಬಳ ಇದಕ್ಕಿಂತ ಕಡಿಮೆಯಿದ್ದು, ಹೆಚ್ಚು ಹೊಲಿದದ್ದೆಲ್ಲ ಮಾರಿಹೋಗುವಂತಿದ್ದರೆ ಧೈರ್ಯವಾಗಿ ಇಟ್ಟುಕೊಳ್ಳಿ. ಎರಡನೆಯ ಹಂತದಲ್ಲಿ ಕತ್ತರಿಸುವುದು, ಅಂಚು ಉಜ್ಜುವುದು. ಕೊನೆಗೆ ಹೊಲಿಗೆ. ಕಲಿಯುವವರ ಕೈಗೆ ಬರಿಯ ಮಾತಿನ ಸೂಚನೆ ಸಾಲದು. ಒಂದೊಂದು ಚೀಲಕ್ಕೂ ತುಂಡುಗಳ ಎಣಿಕೆ, ತೂತಿನ ಅಂತರ, ನೂಲಿನ ದಪ್ಪ, ಅಂಚಿನಿಂದ ಹೊಲಿಗೆಯ ದೂರ ಬರೆದ ಹಾಳೆ ಇರಲಿ, ಪಕ್ಕದಲ್ಲಿ ಸರಿಯಾಗಿ ಮಾಡಿದ ಒಂದು ಮಾದರಿ ಚೀಲವಿರಲಿ.

"ಕೈಯಿಂದ ಮಾಡಿದ್ದು" ಎಂಬ ಹೆಸರಿನ ಬಗ್ಗೆ ಹೇಳುವುದಾದರೆ, 1837ರಲ್ಲಿ ಪ್ಯಾರಿಸಿನಲ್ಲಿ ಕುದುರೆಯ ಸರಂಜಾಮು ತಯಾರಿಸುವ ಕಾರ್ಯಾಗಾರವಾಗಿ ಆರಂಭವಾದ ಎರ್ಮೆಸ್ ಇಂದು ದೊಡ್ಡ ಸಂಸ್ಥೆಯಾಗಿದೆ. ಅಲ್ಲಿ ಈಗಲೂ ಒಂದು ಚೀಲವನ್ನು ಒಬ್ಬರೇ ಕುಶಲಕರ್ಮಿ ಮೊದಲಿನಿಂದ ಕೊನೆಯವರೆಗೆ ಮಾಡುವ ಪದ್ಧತಿಯನ್ನು ಕಾಪಾಡಿಕೊಂಡಿದ್ದಾರೆ. ಕೈಗಳು ಹೆಚ್ಚಾದ ಮಾತ್ರಕ್ಕೆ ಕೈಕೆಲಸ ಕೆಡುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಚೀಲದೊಳಗಿನ ಚೀಟಿಯಲ್ಲಿ "ಪಟ್ಟಿ ಮತ್ತು ಹಿಡಿಕೆ ಕೈಹೊಲಿಗೆ, ಅಸ್ತರು ಯಂತ್ರದ ಹೊಲಿಗೆ" ಎಂದು ನೇರವಾಗಿ ಬರೆದುಬಿಡಿ. ಹೀಗೆ ಬಿಡಿಸಿ ಹೇಳುವವರ ಮೇಲೆ ಕೊಳ್ಳುವವರ ನಂಬಿಕೆ ಹೆಚ್ಚುತ್ತದೆ.

ಪ್ರಶ್ನೆ: ಕೆಲವರು ಹೆಸರಾಂತ ಕಂಪನಿಯ ಚಿಹ್ನೆಯನ್ನು ಹಾಕಿಕೊಡಿ, ಎರಡರಷ್ಟು ಕೊಡುತ್ತೇವೆ ಎನ್ನುತ್ತಾರೆ. ಎಲ್ಲರೂ ಮಾಡುತ್ತಿದ್ದಾರಲ್ಲವೇ?

ಉತ್ತರ: ಮಾಡಬೇಡಿ. ಅದು ನೋಂದಾಯಿತ ಗುರುತಿನ ಕಳ್ಳತನ, ಕಾನೂನಿನ ಕೈಗೆ ಸಿಕ್ಕರೆ ಕಸುಬೇ ಮುಳುಗುತ್ತದೆ. ಲೂಯಿ ವಿಟಾನ್ ಕಂಪನಿಯ ಪ್ರಸಿದ್ಧ ಅಕ್ಷರ ಮತ್ತು ಹೂವಿನ ವಿನ್ಯಾಸ 1896ರಲ್ಲಿ ಹುಟ್ಟಿದ್ದೇ ನಕಲು ಮಾಡುವವರನ್ನು ತಡೆಯಲಿಕ್ಕೆ. ಚಿಹ್ನೆಯ ಹಿಂದೆ ಹೋಗುವ ಬದಲು, 1966ರಲ್ಲಿ ಇಟಲಿಯ ವಿಚೆನ್ಸಾದಲ್ಲಿ ಆರಂಭವಾದ ಬೊಟ್ಟೇಗಾ ವೆನೆಟಾ ಕಂಪನಿಯನ್ನು ನೋಡಿ. ಚರ್ಮದ ಪಟ್ಟಿಗಳ ಹೆಣಿಗೆಯಿಂದಲೇ ಅವರ ಚೀಲವನ್ನು ಜನ ದೂರದಿಂದ ಗುರುತಿಸುತ್ತಾರೆ, ಚಿಹ್ನೆಯ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಅಂಚಿನ ಬಣ್ಣವೋ, ಹಿಡಿಕೆಯ ತಿರುವೋ, ನೂಲಿನ ಬಣ್ಣವೋ ಹಾಗೆ ನಿಮ್ಮ ಗುರುತಾಗಲಿ.

ಪ್ರಶ್ನೆ: ಜಿಪ್ಪು ಕೆಟ್ಟಿತೆಂದು, ಕೊಂಡಿ ಕಪ್ಪಾಯಿತೆಂದು ಚೀಲಗಳು ಮರಳಿ ಬರುತ್ತವೆ. ಎಲ್ಲವನ್ನೂ ಉಚಿತವಾಗಿ ಸರಿಮಾಡಿಕೊಡಬೇಕೆ? ನಷ್ಟವಾಗುತ್ತಿದೆ.

ಉತ್ತರ: ನಿಮ್ಮ ಹೊಲಿಗೆಯಿಂದ ಆದ ದೋಷವನ್ನು ಎಷ್ಟು ವರ್ಷವಾದರೂ ಉಚಿತವಾಗಿ, ಜಿಪ್ಪು ಮತ್ತು ಲೋಹದ ಭಾಗಗಳನ್ನು ಒಂದು ವರ್ಷದವರೆಗೆ ಉಚಿತವಾಗಿ, ಆಮೇಲೆ ಮಜೂರಿ ಪಡೆದು ಸರಿಮಾಡಿಕೊಡುವುದು ನ್ಯಾಯವೆಂದು ನನಗೆ ತೋರುತ್ತದೆ. ಆದರೆ ಒಂದೊಂದು ದುರಸ್ತಿಯನ್ನೂ ಪುಸ್ತಕದಲ್ಲಿ ಬರೆಯಿರಿ: ಯಾವ ಚೀಲ, ಯಾವ ಜಾಗ, ಕೊಂಡು ಎಷ್ಟು ತಿಂಗಳಾಯಿತು. ಒಂದೇ ಜಾಗ ಮೂರು ಸಲ ಬಂದರೆ ಆ ವಿನ್ಯಾಸವನ್ನೇ ತಿದ್ದಬೇಕು. ಜಿಪ್ಪಿನ ವಿಷಯದಲ್ಲಿ ಹಲ್ಲುಗಳಿಗಿಂತ ಮೊದಲು ಸವೆಯುವುದು ಸಾಮಾನ್ಯವಾಗಿ ರನ್ನರ್. ಇಡೀ ಜಿಪ್ಪನ್ನು ಬಿಚ್ಚುವ ಮೊದಲು ರನ್ನರನ್ನಷ್ಟೇ ಬದಲಿಸಿ ನೋಡಿ. ಜಿಪ್ಪಿನ ಮೇಲಿನ ಸಂಖ್ಯೆ ಮುಚ್ಚಿದ ಹಲ್ಲುಗಳ ಅಗಲವನ್ನು ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಒಳಜೇಬಿಗೆ 3 ಸಾಕು, ಚೀಲದ ಬಾಯಿಗೆ 5ಕ್ಕಿಂತ ಕಡಿಮೆ ಬೇಡ.

ಕೊಂಡಿಗಳಲ್ಲಿ ಮಾತ್ರ ಅಗ್ಗಕ್ಕೆ ಹೋಗಬೇಡಿ. ನಾನೊಮ್ಮೆ ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದು ಡಬ್ಬಿ ಡಿ ರಿಂಗ್, ಅಂದರೆ ಪಟ್ಟಿಯನ್ನು ಚೀಲಕ್ಕೆ ಸೇರಿಸುವ ಡಿ ಆಕಾರದ ಲೋಹದ ಬಳೆ, ತಂದಿದ್ದೆ. ಹೊಳಪು ಚೆನ್ನಾಗಿತ್ತು. ನಾಲ್ಕನೆಯ ತಿಂಗಳಿಗೆ ಪಟ್ಟಿ ತಿಕ್ಕುವ ಜಾಗದಲ್ಲಿ ಲೇಪ ಹೋಗಿ ಒಳಗಿನ ಬೂದು ಲೋಹ ಕಾಣಿಸಿಕೊಂಡಿತು, ಬೆವರು ತಗಲಿದ ಕಡೆ ಚರ್ಮಕ್ಕೂ ಕಲೆ ಹತ್ತಿತು. ಚೀಲದ ಬೆಲೆಯಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲದ ಆ ರಿಂಗುಗಳಿಗಾಗಿ ಹದಿನೇಳು ಚೀಲಗಳ ಪಟ್ಟಿಗಳನ್ನು ಬಿಚ್ಚಿ ಮತ್ತೆ ಹೊಲಿದುಕೊಟ್ಟೆ.

ಪ್ರಶ್ನೆ: ಸಾಲ ಮಾಡಿ ಒಮ್ಮೆಲೇ ಹೆಚ್ಚು ಚರ್ಮ ಕೊಂಡರೆ ಅಗ್ಗವಾಗುತ್ತದೆ. ಕೊಳ್ಳಲೇ?

ಉತ್ತರ: ಮೂರು ತಿಂಗಳೊಳಗೆ ಹೊಲಿದು ಮಾರಿ ಮುಗಿಸುವಷ್ಟಿದ್ದರೆ ಕೊಳ್ಳಿ. ಅದಕ್ಕಿಂತ ಹೆಚ್ಚಾದರೆ ಅಗ್ಗದಿಂದ ಉಳಿದದ್ದನ್ನು ಬಡ್ಡಿ ತಿಂದುಹಾಕುತ್ತದೆ, ಬಣ್ಣದ ಮೆಚ್ಚುಗೆಯೂ ಬದಲಾಗಿರುತ್ತದೆ. ಸಾಲ ಮಾಡಲೇಬೇಕಾದರೆ ಗಂಟೆ ಉಳಿಸುವ ವಸ್ತುವಿಗೆ ಮಾಡಿ. ಆರು ಆಕಾರಗಳಿಗೆ ಉಕ್ಕಿನ ಕತ್ತರಿಸುವ ಅಚ್ಚುಗಳನ್ನು ಮಾಡಿಸಿ, ಒಂದು ಒತ್ತುಯಂತ್ರ ತಂದರೆ, ಚಾಕುವಿನಿಂದ ಗೆರೆ ಹಿಡಿದು ಕತ್ತರಿಸುವ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಆಕಾರಗಳು ನಿಶ್ಚಯವಾಗುವ ಮೊದಲು ಮಾತ್ರ ಅವುಗಳಿಗೆ ಹಣ ಹಾಕಬೇಡಿ.

ಪ್ರಶ್ನೆ: ಬೆಲೆ ಏರಿಸಬೇಕೆಂದು ನಿರ್ಧರಿಸಿದ್ದೇನೆ. ಹಳೆಯ ಗಿರಾಕಿಗಳಿಗೆ ಹೇಗೆ ಹೇಳಲಿ?

ಉತ್ತರ: ಕ್ಷಮೆ ಕೇಳುವ ಧಾಟಿಯಲ್ಲಿ ಬರೆಯಬೇಡಿ, ಕಾರಣಗಳ ಪಟ್ಟಿಯನ್ನೂ ಕೊಡಬೇಡಿ. ಇಂಥ ದಿನದಿಂದ ಹೊಸ ದರ ಎಂದು ಒಂದು ತಿಂಗಳ ಮುಂಚೆ ತಿಳಿಸಿ, ಆ ದಿನದವರೆಗೆ ಮುಂಗಡ ಕೊಟ್ಟವರಿಗೆ ಹಳೆಯ ದರದಲ್ಲಿಯೇ ಮಾಡಿಕೊಡುತ್ತೇನೆಂದು ಮಾತು ಕೊಡಿ, ಕೊಟ್ಟ ಮಾತಿನಂತೆ ನಡೆಯಿರಿ. ಮೊದಲು ಎರಡೇ ಚೀಲಗಳ ಬೆಲೆಯನ್ನು ಏರಿಸಿ, ಗಂಟೆಯ ಲೆಕ್ಕದಲ್ಲಿ ತೀರ ಕೆಳಗಿರುವ ಎರಡನ್ನು. ಎರಡು ತಿಂಗಳು ಮಾರಾಟ ನೋಡಿ. ಉದಾಹರಣೆಯ ದೊಡ್ಡ ಚೀಲ 1,260ಕ್ಕೆ ಏರಿದ ಮೇಲೆ ತಿಂಗಳಿಗೆ 10ರ ಬದಲು 8 ಮಾತ್ರ ಮಾರಿದರೂ ಕೈಗೆ ಸುಮಾರು 6,730 ಬರುತ್ತದೆ, ಹಿಂದಿನ 6,000ಕ್ಕಿಂತ ಹೆಚ್ಚು, ಮತ್ತು 20 ಗಂಟೆಗಳು ಬಿಡುವಾಗಿ ಉಳಿಯುತ್ತವೆ. ಆ 20 ಗಂಟೆಗಳಲ್ಲಿ ಎಂಟು ಸಣ್ಣ ಹೆಗಲ ಚೀಲಗಳನ್ನು ಹೊಲಿಯಬಹುದು.